ಮೊಣಕಾಲು

ನಾ ಹುಟ್ಟಿದ್ದು ಒಂದು ಗುಮ್ಮಟದೊಳಗೆ.
ಸುಳ್ಳಲ್ಲ. ವಿಜಾಪುರದ ಹೊರಗೆ, ಜಾಲಿಕಂಟಿಯ ನಡುವೆ,
ಹೆಸರು ಅಳಿಸಿಹೋದ ಯಾರೋ ಸರದಾರನ ಗೋರಿಮನೆ;
ಬಾಗಿಲಿಗೆ ಗೋಣಿತಟ್ಟು, ಮೂಲೆಗೆ ಒಲೆ,
ದೀಪದ ಸರಪಳಿಗೆ ನನ್ನ ತೊಟ್ಟಿಲು.
ಒಲೆ ಹಚ್ಚುವ ಮುಂಚೆ ಅಜ್ಜಿ ದಿನಾ ಹೇಳುತ್ತಿದ್ದಳು,
ನಡುಮಧ್ಯೆ ಮಲಗಿದವನ ಕಡೆ ತಿರುಗಿ,
"ಹೊಗಿ ಆಗತೈತ್ರಿ ಸಾಹೇಬ್ರ, ಒಂದೀಟ ತಡಕೋರಿ."
ಅವನು ಮಾಲೀಕ. ನಾವು ಬಾಡಿಗೆಯವರು.
ಬಾಡಿಗೆ, ಗುರುವಾರಕ್ಕೊಂದು ಊದುಬತ್ತಿ.

ಈಗ ಬಹರೇನಿನಲ್ಲಿ, ಆಲಿ ಊರಿನಲ್ಲಿ,
ಹೊಸ ಬಂಗಲೆಯೊಂದರ ಹಿಂದೆ ಕಾಂಪೌಂಡು ಕಟ್ಟುತ್ತಿದ್ದೇನೆ.
ಕಾಂಪೌಂಡಿನ ಆಚೆ ಗುಡ್ಡ.
ಗುಡ್ಡ ಅಂದರೆ ಗುಡ್ಡವಲ್ಲ, ನಾಲ್ಕು ಸಾವಿರ ವರ್ಷದ ಗೋರಿ;
ಅದರ ಪಕ್ಕ ಇನ್ನೊಂದು, ಅದರಾಚೆ ಮತ್ತೊಂದು,
ನಡುನಡುವೆ ಎಸಿ ಡಬ್ಬಿ, ನೀರಿನ ಟ್ಯಾಂಕಿ, ಒಣಹಾಕಿದ ಬಟ್ಟೆ.
ಹಿಂದೆ ಕುಂಬಾರರು ಗೋರಿಯ ಪಕ್ಕೆ ಕೊರೆದು
ಆವಿಗೆ ಮಾಡಿಕೊಂಡಿದ್ದರಂತೆ;
ಸತ್ತವನ ಬೆನ್ನಿಗೆ ಬೆಂಕಿ, ಬೆಂಕಿಯಲ್ಲಿ ಹೂಜಿ.
ಅವರೂ ಅಪ್ಪಣೆ ಕೇಳಿರಬೇಕು.

ಕಾವಲಿನ ಮುದುಕ ಮರ್ಹೂನ್ ಒಂದು ಮಧ್ಯಾಹ್ನ ತೋರಿಸಿದ:
ಒಡೆದ ಗುಡ್ಡದೊಳಗೆ ಕಲ್ಲಿನ ಕೋಣೆ,
ಮೇಲೆ ಚಪ್ಪಡಿ, ಪಕ್ಕಕ್ಕೊಂದು ಗೂಡು,
ಗೂಡಿನಲ್ಲಿ ಏನೂ ಇಲ್ಲ.
"ಹೀಗಿರುತ್ತಾರೆ," ಎಂದು ತಾನೇ ಮರಳಲ್ಲಿ ಬಲಮಗ್ಗುಲಾಗಿ
ಮೊಣಕಾಲು ಎದೆಗೆಳೆದು
ಕೈ ಮುಖದ ಹತ್ತಿರ ತಂದು ಮಲಗಿ ತೋರಿಸಿದ.
ಎದ್ದಮೇಲೆ ಸೊಂಟ ಹಿಡಿದುಕೊಂಡ.
ನಾ ಗೌಂಡಿ. ನನ್ನ ಕಣ್ಣು ಹೋದದ್ದು ಕಲ್ಲಿನ ಸಂದಿಗೆ.
ಯಾವನೋ ಅಲ್ಲಿ ಚಕ್ಕೆ ತುರುಕಿದ್ದಾನೆ, ನನ್ನ ಹಾಗೇ.

ಗೊಲ್ಲಾಳ ಹಾಗೇ ಮಲಗುತ್ತಿದ್ದ.
ಕ್ಯಾಂಪಿನಲ್ಲಿ ನನ್ನ ಮೇಲಿನ ಮಂಚ ಅವನದು.
ಸಿಂದಗಿ ಕಡೆಯ ಆಳು, ಉದ್ದ ಮನುಷ್ಯ, ಮಂಚ ಗಿಡ್ಡ;
ಮಡಚಿದ ಮೊಣಕಾಲು ನಿದ್ದೆಯಲ್ಲಿ ಗೋಡೆಗೆ ತಾಗಿ
ಟಕ್ ಅನ್ನುತ್ತಿತ್ತು.
ಆಗಸ್ಟಿನ ಒಂದು ಬೆಳಗಿನ ಜಾವ ಅನ್ನಲಿಲ್ಲ.

ಹನ್ನೊಂದು ದಿನವಾಯಿತು.
ಆಸ್ಪತ್ರೆಯ ತಣ್ಣನೆ ಖಾನೆಗಳು, ಒಂದರ ಮೇಲೊಂದು,
ಬಾಗಿಲಿಗೆ ನಂಬರು. ಅಲ್ಲೂ ಅವನದು ಮೇಲಿನ ಮಂಚ.
ಪಾಸ್‌ಪೋರ್ಟು ರದ್ದಾಗಬೇಕು, ಮೊಹರು ಬೀಳಬೇಕು,
ಕಂಪನಿಯವರು ಸಹಿ ಹಾಕಬೇಕು,
ಸಹಿ ಹಾಕುವವನು ರಜೆಯ ಮೇಲಿದ್ದಾನೆ.
ಗುರುತು ಹಿಡಿಯಲು ನನ್ನನ್ನೇ ಕರೆದರು.
ಖಾನೆ ಎಳೆದಾಗ ಮೊದಲು ನೋಡಿದ್ದು ಮುಖವಲ್ಲ,
ಮೊಣಕಾಲು.
ನೆಟ್ಟಗೆ, ನನ್ನ ಮಟ್ಟಗೋಲಿನಷ್ಟು ನೆಟ್ಟಗೆ.
ಇಷ್ಟುದ್ದ ಇದ್ದನೇ ಇವನು?

ರಾತ್ರಿ ಗುರಬಾಯಿಯ ಫೋನು. ಅಳು ಮುಗಿಸಿ ಬಂದ ದನಿ.
"ಅಣ್ಣಾ, ಐನಾರು ಕೇಳಾಕತ್ಯಾರ.
ಹೊಲದಾಗ ತೆಗ್ಗು ತಗದೈತಿ, ಒಳಗ ಗೂಡೂ ಕೊರದೈತಿ.
ಅವರನ್ನ ಕೂಡಸಾಕ ಬರತೈತೇನು?"

ಅವರಲ್ಲಿ ಕೂಡಿಸುತ್ತಾರೆ,
ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು.
ನಮ್ಮಲ್ಲಿ ಮಲಗಿಸುತ್ತೇವೆ, ಮುಖ ಪಶ್ಚಿಮಕ್ಕೆ.
ಪೆಟ್ಟಿಗೆ ಆರೂವರೆ ಅಡಿ ಎಂದಿದ್ದ ಏಜೆಂಟು,
ವಿಮಾನಕ್ಕೆ ಅದೊಂದೇ ಅಳತೆ.

"ಬರತೈತವಾ," ಅಂದೆ.
"ಊರ ಬಿಸಲಿಗೆ ಸಡ್ಲ ಆಕ್ಕಾನ."
ನಿಜವೋ ಅಲ್ಲವೋ ನನಗೇನು ಗೊತ್ತು.
ಗುಮ್ಮಟದಾಗ ಹುಟ್ಟಿದವನಿಗೆ
ಇದೆಲ್ಲ ತಿಳಿದಿರುತ್ತದೆ ಎಂದುಕೊಂಡಳೋ ಏನೋ,
"ಹಂಗಾರ ಐನಾರಿಗೆ ಹೇಳತೀನಿ," ಎಂದು ಇಟ್ಟಳು.

ಮೇಲಿನ ಮಂಚಕ್ಕೆ ನಿನ್ನೆ ನೇಪಾಳಿ ಹುಡುಗನೊಬ್ಬ ಬಂದ.
ಗಿಡ್ಡ. ಕಾಲು ಪೂರ್ತಿ ಚಾಚಿದರೂ ಜಾಗ ಉಳಿಯುತ್ತದೆ.

ಇವತ್ತು ಕಾಂಪೌಂಡಿನ ಮೂರನೇ ವರಸೆಯಲ್ಲಿ
ಗುಡ್ಡದ ಕಡೆಗೆ
ಒಂದು ಇಟ್ಟಂಗಿಯ ಜಾಗ ಖಾಲಿ ಬಿಟ್ಟೆ.
ಫೋರ್ಮನ್ ಬಂದು ಬೆರಳು ತೂರಿಸಿ ನೋಡಿದ. ಇದೇನು?
ಮಳೆನೀರು ಹೋಗಲಿಕ್ಕೆ, ಅಂದೆ.
ಅವನು ಆಕಾಶ ನೋಡಿದ, ನನ್ನ ನೋಡಿದ.
ಮುಚ್ಚು, ಅಂದ.

ನಾಳೆ ಮುಚ್ಚುತ್ತೇನೆ.